ಹುಚ್ಚಮ್ಮನ ಪಿನ್ನು

ನನ್ನ ಹುದ್ದೆಯ ಹೆಸರು ರೈಟರ್. ಬರೆಯುವುದು ಮಾತ್ರ ಆಳುಗಳ ಹಾಜರಿ. ಶನಿವಾರಸಂತೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಬಂಗಲೆಯ ಮಾಲೀಕರು ಹೇಳಿದ್ದನ್ನು ಲೈನಿಗೆ, ಅಂದರೆ ಆಳುಗಳ ಸಾಲುಮನೆಗಳಿಗೆ, ಮುಟ್ಟಿಸುತ್ತೇನೆ, ಲೈನಿನವರು ಗೊಣಗಿದ್ದನ್ನು ಸೋಸಿ ಬಂಗಲೆಗೆ ಮುಟ್ಟಿಸುತ್ತೇನೆ.

ಲೈನಿನ ಮೂರನೆಯ ಮನೆ ಹುಚ್ಚಮ್ಮನವರದು. ದಿನವೂ ಹತ್ತೂವರೆಗೆ ಅವರು ಕೆಲಸ ಬಿಟ್ಟು ಮನೆಗೆ ಓಡುತ್ತಿದ್ದರು, ಗಂಡ ಸಣ್ಣಸ್ವಾಮಿಯನ್ನು ಮಗ್ಗುಲು ಬದಲಿಸಿ ಮಲಗಿಸಲು. ಆ ಓಟಕ್ಕೆ ನಾನು ಹಾಜರಿಯಲ್ಲಿ ಕೆಂಪು ಚುಕ್ಕೆ ಇಡುತ್ತಿದ್ದೆ. ಅಂಥ ಶಿಸ್ತಿನ ಮನುಷ್ಯ ನಾನು.

ಹನ್ನೆರಡು ವರ್ಷದ ಹಿಂದೆ ಸಣ್ಣಸ್ವಾಮಿ ನೆರಳುಮರದ ಕೊಂಬೆ ಕಡಿಯುವಾಗ ಬಿದ್ದಿದ್ದರು. ಜನ ಪ್ರೀತಿಯಿಂದಲೇ ಕೈಕಾಲು ಹಿಡಿದೆತ್ತಿ, ಕೂರಿಸಿ, ನೀರು ಕುಡಿಸಿದ್ದರು. "ನರ ಹಿಡ್ಕಂಡೈತೆ" ಎಂದು ಒಬ್ಬ ಸೊಂಟ ಎಳೆದೂ ನೋಡಿದ. ನಮ್ಮಲ್ಲಿ ರಕ್ತ ಹರಿಯುವುದೂ ನರ, ಕಾಲು ಸೆಳೆಯುವುದೂ ನರ, ಸಿಟ್ಟಿಗೆ ಹಣೆಯಲ್ಲಿ ಉಬ್ಬುವುದೂ ನರ. ಎಲ್ಲಕ್ಕೂ ಮದ್ದು ಒಂದೇ, ಎಳೆಯುವುದು. ಅವರ ಸೊಂಟದ ಕೆಳಗೆ ಅಂದು ಹೋದ ಅರಿವು ಮತ್ತೆ ಬರಲಿಲ್ಲ.

ಈ ಮಾರ್ಚಿನ ಮೆಣಸು ಕೊಯ್ಲಿನಲ್ಲಿ, ಆಳು ಪುಟ್ಟರಾಜು ಬಳ್ಳಿಯ ತುದಿಯ ಗೊಂಚಲು ಬಿಟ್ಟಿದ್ದಾನೆಂದು ರೇಗಿ, ಹವಾಯಿ ಚಪ್ಪಲಿಯಲ್ಲೇ ನಾನು ಏಣಿ ಹತ್ತಿದೆ. ಹತ್ತಿದ್ದಕ್ಕಿಂತ ಬೇಗ ಇಳಿದೆ, ಬೆನ್ನು ಅಡಿಯಾಗಿ.

"ಪ್ರಜ್ಞೇಶಣ್ಣ ಬಿದ್ರು! ಪ್ರಜ್ಞೆ ಐತಾ ನೋಡ್ರೋ!" ಪುಟ್ಟರಾಜು ಕೂಗಿದ.

"ಹೆಸ್ರಲ್ಲಂತೂ ಐತೆ," ಅಂದರು ಯಾರೋ.

ನಾಲ್ಕು ಕೈಗಳು ನನ್ನ ಕಂಕುಳಿಗೆ ಬಂದವು. ಬೆನ್ನಲ್ಲಿ ಬೆಂಕಿ. ಕಾಲುಗಳು ಇವೆಯೋ ಇಲ್ಲವೋ ತಿಳಿಯಲಿಲ್ಲ.

"ಮುಟ್ಬ್ಯಾಡಿ! ಯಾವನಾದ್ರೂ ಎತ್ತಿದ್ರೆ ಕತ್ತಿಲಿ ಕೈ ಕಡೀತೀನಿ!" ಹುಚ್ಚಮ್ಮ ಓಡಿಬಂದರು.

"ನೀರಾದ್ರೂ ಕುಡಿಸ್ತೀನಿ ಅಕ್ಕಾ," ಅಂದ ಪುಟ್ಟರಾಜು.

"ಆಮೇಲೆ ಕುಡೀತಾರೆ. ಹೋಗ್ಲಾ ಪುಟ್ರಾಜ, ಗೋಡೌನ್ ಬಾಗ್ಲು ಕಿತ್ಕಂಡ್ ಬಾ."

ನನ್ನ ತಲೆಯ ಎರಡೂ ಬದಿಗೆ ಮೆಣಸಿನ ಚೀಲ ಒತ್ತಿಟ್ಟರು.

"ಅಲ್ಲಾಡ್ಬ್ಯಾಡಿ ರೈಟ್ರೇ, ಕೇಳಿ. ತಲೆಯೊಳಗಿನ ಮಿದ್ಳು ಬಂಗ್ಲೆ. ಕೈಕಾಲು ಲೈನು. ನಡುವೆ ಬೆನ್ನುಮೂಳೆ ಒಳಗೊಂದು ಹುರಿ ಐತೆ, ಅದು ನಿಮ್ಮಂಗೆ ರೈಟ್ರು. ಮೇಲಿನ ಹುಕುಂ ಕೆಳಕ್ಕೆ, ಕೆಳಗಿನ ನೋವು ಮೇಲಕ್ಕೆ. ಮೂಳೆ ಮುರಿದ್ರೆ ಕೂಡ್ಕಳತ್ತೆ. ರೈಟ್ರೇ ತುಂಡಾದ್ರೆ, ಬಂಗ್ಲೆ ಎಷ್ಟು ಕೂಗಿದ್ರೂ ಲೈನಿಗೆ ಕೇಳಲ್ಲ. ನಮ್ಮನೇಲಿ ಆಗಿದ್ದು ಅದೇಯ. ಡಾಕ್ಟ್ರು ಚಿತ್ರ ಬರ್ದು ತೋರ್ಸಿದ್ರು."

ನನ್ನ ಹುದ್ದೆ ಇಷ್ಟು ದೊಡ್ಡದೆಂದು ಅವತ್ತೇ ತಿಳಿದದ್ದು.

ಅವರು ತಾಳಿಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದು ನನ್ನ ಪಾದದ ಬಳಿ ಕೂತರು. ಕ್ಷಣ ಕಳೆಯಿತು. ನನಗೇನೂ ಗೊತ್ತಾಗಲಿಲ್ಲ.

"ಹುಚ್ಚಮ್ಮಾ... ಚುಚ್ಚಿದ್ದು ಗೊತ್ತಾಗ್ತಾ ಇಲ್ಲ," ಅಂದೆ.

"ಇನ್ನೂ ಚುಚ್ಚೇ ಇಲ್ಲ, ಸುಮ್ಕಿರಿ."

ಆಮೇಲೆ ಚುಚ್ಚಿದರು. ಹಾಜರಿ ಪುಸ್ತಕದಲ್ಲಿ ಬರೆಯಲಾಗದ ಒಂದು ಮಾತು ನನ್ನ ಬಾಯಿಂದ ಹೊರಬಿತ್ತು.

"ಬೈಯಿರಿ! ಇನ್ನೊಂದ್ಸಲ ಬೈಯಿರಿ ನನ್ನಪ್ಪಾ!" ಹುಚ್ಚಮ್ಮ ನಗುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಬಾಗಿಲು ಬಂತು. ಅದರ ಮೇಲೆ ನನ್ನದೇ ಸುಣ್ಣದಕಡ್ಡಿಯ ಬರಹ: 'ಗೊತ್ತಿಲ್ಲದವರು ಏಣಿ ಹತ್ತಬಾರದು.' ಹುಚ್ಚಮ್ಮ ಒಂದು, ಎರಡು, ಮೂರು ಎಣಿಸಿದಂತೆ ಆರು ಜನ ದಿಮ್ಮಿ ಹೊರಳಿಸಿದ ಹಾಗೆ ನನ್ನನ್ನು ಆ ಆಜ್ಞೆಯ ಮೇಲೆ ಮಲಗಿಸಿದರು. ಮಡಿಕೇರಿಯಲ್ಲಿ ಡಾಕ್ಟರು, ಮೂಳೆ ಬಿರುಕು ಬಿಟ್ಟಿದೆ, ಹುರಿಗೆ ಏನೂ ಆಗಿಲ್ಲ, ಅಲುಗಿಸದೆ ತಂದದ್ದು ನಿನ್ನ ಪುಣ್ಯ ಎಂದರು. ಆ ಪುಣ್ಯ ಯಾರ ಸಂಪಾದನೆಯೆಂದು ನನಗೆ ಗೊತ್ತಿತ್ತು.

ಸೊಂಟದ ಬೆಲ್ಟು ಬಿಚ್ಚಿದ ದಿನ ಮೊದಲು ಮೂರನೆಯ ಮನೆಗೆ ಹೋದೆ. ಸಣ್ಣಸ್ವಾಮಿ ಮಲಗಿದ್ದಲ್ಲಿಂದಲೇ, "ಎಲ್ಲಿ, ಕಾಲ್ಬೆರಳು ಆಡ್ಸಿ ನೋಡಾನ," ಎಂದರು. ಆಡಿಸಿದೆ. ಬಹಳ ಹೊತ್ತು ನೋಡಿದರು.

"ಚೆಂದಾಗಿ ಆಡ್ತಾವೆ. ಇನ್ನೊಂದ್ಸಲ."

ಭಾರ ಎತ್ತಬಹುದೆಂದು ಡಾಕ್ಟರು ಒಪ್ಪಿದ ಮೇಲೆ ಹತ್ತೂವರೆಗೆ ಓಡುವವನು ನಾನು. ಅವರನ್ನು ಮಗ್ಗುಲಾಗಿಸಿ ಬರುವಷ್ಟರಲ್ಲಿ ಹದಿನೈದು ನಿಮಿಷ ತಡ. ಕೆಂಪು ಚುಕ್ಕೆ ನನ್ನ ಹೆಸರಿನ ಮುಂದೆ ಬೀಳುತ್ತದೆ. ಇಡುವವನೂ ನಾನೇ.