ಅಕ್ಕನ ಕಾದಂಬರಿಗೆ ಹೂಂಗುಟ್ಟಿದವನು

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹೋಟೆಲ್ ಸೇರಿದವನು. ಅಕ್ಕ ಕಾದಂಬರಿ ಬರೆಯುವವಳು. ಅವಳ ಪುಸ್ತಕದಲ್ಲಿ ಕಥೆಯೇ ಇಲ್ಲ ಎಂದು ಆ ಕಾಲದ ದೊಡ್ಡವರೆಲ್ಲ ಬೈದಿದ್ದರು. ಒಬ್ಬ ಹೆಂಗಸು ಹಲಸಿನ ಹಣ್ಣು ಬಿಡಿಸುತ್ತ ಕೂತಿರುತ್ತಾಳೆ, ಅಷ್ಟೇ. ಅವಳ ಮನಸ್ಸು ಮಾತ್ರ ಎಲ್ಲೆಲ್ಲೋ ಸುತ್ತುತ್ತದೆ. ಹೆಂಗಸಿನ ತಲೆಯೊಳಗೇ ಕೂತು ಹಾಗೆ ಬರೆದವಳು ಅವಳೇ ಮೊದಲು ಎಂದು ಈಗ ಹೇಳುತ್ತಾರೆ.

ಅಚ್ಚಿಗೆ ಕೊಡುವ ಮೊದಲು ಪ್ರತಿ ಪುಸ್ತಕವನ್ನೂ ನನಗೆ ಓದಿ ಹೇಳುತ್ತಿದ್ದಳು. ಅಜ್ಜಿ ಕಥೆಗೆ ಮಕ್ಕಳು ಹೂಂಗುಟ್ಟುವ ಹಾಗೆ ಹೂಂಗುಟ್ಟುವುದು ನನ್ನ ಕೆಲಸ. ನನ್ನ ಹೂಂ ನಿಂತಲ್ಲಿ ಪೆನ್ಸಿಲ್ ಗೀಟು ಎಳೆದು, ಅಷ್ಟನ್ನೂ ಮತ್ತೆ ಬರೆಯುತ್ತಿದ್ದಳು. "ಓದಿಕೊಂಡವರು ನನಗೆ ಬೇಜಾರಾಗಬಾರದು ಅಂತ ಹೊಗಳ್ತಾರೆ. ನಿನಗೆ ಬೇಜಾರಾದ್ರೆ ಸುಮ್ಮನಾಗ್ತೀ" ಅನ್ನುತ್ತಿದ್ದಳು.

ಅಮೆರಿಕದ ಬ್ಯಾಂಕುಗಳು ಮುಳುಗಿದ ವರ್ಷ, ಹೊಸ ಕಾದಂಬರಿಯ ಕಟ್ಟು ಹಿಡಿದುಕೊಂಡು, ಅಷ್ಟರಲ್ಲಿ ನಾನು ಅಲ್ಲಿನ ಸಮರ್‌ಸೆಟ್ ಊರಿನಲ್ಲಿ ಹಾಕಿದ್ದ ಹೋಟೆಲಿಗೆ ಬಂದಳು. ಸುತ್ತಲಿನ ಆಫೀಸುಗಳಲ್ಲಿ ಲೇಆಫ್ ಶುರುವಾಗಿತ್ತು. ಮಧ್ಯಾಹ್ನದ ಊಟಕ್ಕೆ ಸಾಲು ನಿಲ್ಲುತ್ತಿದ್ದ ಜಾಗದಲ್ಲಿ ಯಾರೂ ಇಲ್ಲ. ರುಬ್ಬಿಟ್ಟ ಹಿಟ್ಟು ಹುಳಿಯಾಗಿ ಹೋಗಿ, ಅದನ್ನು ಚೆಲ್ಲುತ್ತಿದ್ದೆ. ಖಾಲಿ ಟೇಬಲ್ಲಿನಲ್ಲಿ ಅಕ್ಕ ಓದುವಳು. ನಾನು ಏಳುವುದು, ಸಾಂಬಾರಿನ ಮುಚ್ಚಳ ತೆಗೆದು ನೋಡುವುದು, ಮತ್ತೆ ಕೂರುವುದು, ಗಾಜಿನಾಚೆ ಪಾರ್ಕಿಂಗ್ ಲಾಟಿಗೆ ಕಾರು ತಿರುಗಿದರೆ ಕತ್ತು ಚಾಚುವುದು. ಬಾಯಿ ಮಾತ್ರ ಹೂಂ, ಹೂಂ ಅನ್ನುತ್ತಿತ್ತು.

ಒಂದು ದಿನ ನಡುವೆ ನಿಲ್ಲಿಸಿದಳು.

"ಈ ಪುಟ ಹೇಗಿತ್ತು?"

"ಲಾಯ್ಕಿತ್ತು ಅಕ್ಕ."

"ಎಷ್ಟು ಸಲ ಲಾಯ್ಕಾಗ್ತದೆ ಮಾರಾಯ? ಬೆಳಿಗ್ಗೆಯಿಂದ ಇದೊಂದೇ ಪುಟ ಓದ್ತಾ ಇದ್ದೇನೆ."

ನಗಲು ನೋಡಿದೆ. "ಗಿರಾಕಿಗಳಿಲ್ಲ ಅಕ್ಕ, ತಲೆ ಒಂದು ಕಡೆ ನಿಲ್ಲುವುದಿಲ್ಲ. ನಾಳೆ ಸರಿಯಾಗಿ ಕೇಳ್ತೇನೆ."

"ಹಾಗಾದ್ರೆ ಇಷ್ಟು ದಿನ ಹೂಂ ಅಂದದ್ದು?"

ಅಷ್ಟರಲ್ಲಿ ಹೊರಗೆ ಒಂದು ಕಾರು ಬಂತು. ಎದ್ದು ಬಾಗಿಲಿಗೆ ಹೋದೆ. ಕಾರು ಹಾಗೇ ಒಂದು ಸುತ್ತು ತಿರುಗಿ ವಾಪಸು ಹೋಯಿತು. ನಾನು ತಿರುಗಿ ನೋಡುವಾಗ ಅಕ್ಕ ಹಾಳೆಗಳನ್ನು ಜೋಡಿಸಿ ದಾರ ಸುತ್ತುತ್ತಿದ್ದಳು. ಅಷ್ಟು ದಪ್ಪದ ಕಟ್ಟಿನಲ್ಲಿ ಒಂದೂ ಗೀಟು ಇರಲಿಲ್ಲ.

ಊರಿಗೆ ಹೊರಟಾಗ ಏರ್‌ಪೋರ್ಟಿನಲ್ಲಿ ಹೇಳಿದಳು: "ಯಾವುದು ಇಡಬೇಕು, ಯಾವುದು ತೆಗೀಬೇಕು, ಇದರಲ್ಲಿ ನನಗೇ ತಿಳಿಯುವುದಿಲ್ಲ." ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಫೋನಿನಲ್ಲಿ ಓದು ಎಂದು ಎಷ್ಟೋ ಸಲ ಕೇಳಿದೆ. ನಿನ್ನ ಇಡ್ಲಿ ಆರಿ ಹೋದೀತು ಎಂದು ಮಾತು ಮರೆಸಿದಳು. ಆ ಕಾದಂಬರಿ ಅಚ್ಚಾಗಲಿಲ್ಲ, ಬೇರೆಯದನ್ನು ಅವಳು ಬರೆಯಲೂ ಇಲ್ಲ.

ಹೋಟೆಲಿಗೆ ಬರುವ ಕನ್ನಡದವರು, "ನಿಮ್ಮ ಅಕ್ಕ ಯಾಕೆ ಬರೆಯೋದು ಬಿಟ್ರು ಅಂಕಲ್?" ಎಂದು ಕೇಳುತ್ತಾರೆ. ವಯಸ್ಸಾಯ್ತಲ್ಲ ಎಂದು ಹೇಳಿ ಕಾಫಿ ತರಲು ಒಳಗೆ ಹೋಗುತ್ತೇನೆ. ವಯಸ್ಸಲ್ಲ.