ಕೆಂಚನ ಕೊರಳು

ಸಂಜೆ ಆರೂಕಾಲು. ಅನಾಹುತ ಶುರುವಾದ ಹೊತ್ತು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ ಸಣ್ಣದು. ಕಾರ್ಗಲ್ಲಿನಿಂದ ಸಾಗರಕ್ಕೆ ಬರುವ ನನ್ನ ಬಸ್ಸು ಆರೂವರೆಗಿತ್ತು. ಏಳಲೋ, ಇನ್ನೊಂದು ಲೋಟ ಚಹಾಕ್ಕೆ ಕೂರಲೋ ಎಂದು ಗಡಿಯಾರ ನೋಡಿದ್ದೆ. ಕೂತೆ.

ಆ ಸಂಜೆ ನೆನಪಿನಲ್ಲಿ ಸ್ವಲ್ಪ ಹಿಂದೆ ಸರಿದಿದೆ ಎಂದುಕೊಂಡಿದ್ದೆ. ನಿನ್ನೆ ಸಾಗರದ ಪೇಟೆಯಲ್ಲಿ ಬಟ್ಟೆ ಒಣಗಿಸುವ ಹಗ್ಗಕ್ಕೆಂದು ಒಂದು ಅಂಗಡಿಯ ಮುಂದೆ ನಿಂತರೆ, ಮುಖದ ಎದುರಿಗೇ ತೂಗುತ್ತಿದ್ದವು ನಾಯಿಗಳ ಮೊಳೆಪಟ್ಟಿಗಳು. ನಮ್ಮ ಕಡೆಯವರಿಗೆ ಗೊತ್ತು. ನೀವು ಬಯಲುಸೀಮೆಯವರಾದರೆ ಕೇಳಿ. ದಪ್ಪ ಚರ್ಮದ ಪಟ್ಟಿ, ಅದರ ಸುತ್ತ ಚೂಪು ಹೊರಗೆ ಮಾಡಿ ಹೊಡೆದ ಮೊಳೆಗಳು. ಚಿರತೆ ನಾಯಿಯನ್ನು ಹಿಡಿಯುವುದು ಕುತ್ತಿಗೆಗೆ. ಬಾಯಿಗೆ ಮೊಳೆ ಚುಚ್ಚಿದರೆ ಬಿಟ್ಟು ಹೋಗುತ್ತದೆ ಎಂಬ ಧೈರ್ಯಕ್ಕೆ ಕಟ್ಟುತ್ತೇವೆ.

"ಎಷ್ಟು ದೊಡ್ಡ ನಾಯಿ ಅಕ್ಕಾ ನಿಮ್ದು?" ಎಂದ ಅಂಗಡಿಯವನು.

ಹಗ್ಗವನ್ನೂ ಕೊಳ್ಳದೆ ಕಾರ್ಗಲ್ ಬಸ್ಸು ಹತ್ತಿದೆ.

ಕಾರ್ಗಲ್ಲಿನಲ್ಲಿ ನನ್ನ ಗೆಳತಿ ಭಾರತಿ ಇದ್ದಾಳೆ. ಅವಳು ತೀರ್ಥಹಳ್ಳಿ ಕಡೆಯವಳು, ನಾನು ಹೊಸನಗರದವಳು. ಕಾಲೇಜಿನಲ್ಲಿ ಒಟ್ಟಿಗೆ ಚಿತ್ರಕಲೆ ಓದಿದೆವು. ಈಗ ನಾನು ಸಾಗರದಲ್ಲಿ ಕಂಪ್ಯೂಟರ್ ಮುಂದೆ ಕೂತು ಮದುವೆ ಕಾಗದಕ್ಕೆ ಗಣಪತಿ ಬಿಡಿಸುತ್ತೇನೆ. ನನ್ನ ಗಣಪತಿಗಳೆಲ್ಲ ಒಬ್ಬನೇ ಗಣಪತಿ, ಬಣ್ಣ ಮಾತ್ರ ಬೇರೆ. ಭಾರತಿ ನಿಜವಾಗಿ ಬರೆಯುವವಳು. ಗಂಡನಿಗೆ ವಿದ್ಯುತ್ ಯೋಜನೆಯಲ್ಲಿ ಕೆಲಸ. ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ಕೂತು ಜನರ ದನ, ನಾಯಿ, ಬೆಕ್ಕುಗಳ ಚಿತ್ರ ಬರೆದುಕೊಡುತ್ತಾಳೆ. ಆ ಸಾಲಿನ ಅರ್ಧ ಮನೆಗಳು ಖಾಲಿ. ಖಾಲಿ ಮನೆಗಳ ಕಿಟಕಿಯವರೆಗೂ ಲಂಟಾನದ ಪೊದೆ ಬೆಳೆದಿದೆ.

ಓದುವಾಗ ನಾವೊಂದು ನಿಯಮ ಮಾಡಿಕೊಂಡಿದ್ದೆವು. ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ಬರೀ "ಚೆನ್ನಾಗಿದೆ" ಎಂದರೆ, ಹಾಗೆಂದವರು ಚಹಾ ಕುಡಿಸಬೇಕು. ಅದು ಸೋಮಾರಿಯ ಮಾತು, ಇಲ್ಲವೆ ಹೇಡಿಯ ಮಾತು ಎಂದು ನಮ್ಮ ತೀರ್ಮಾನ. ನಾನು ತಿಂಗಳುಗಟ್ಟಲೆ ತಿದ್ದಿದ ಎಮ್ಮೆಯನ್ನು ನೋಡಿ ಭಾರತಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನಾಲ್ಕು ಕಾಲೂ ಸರಿ ಅದಾವೆ ಮಾರಾಯ್ತಿ, ತೂಕ ಮಾತ್ರ ಇಲ್ಲ. ಗಾಳಿ ಬಂದ್ರೆ ನಿನ್ನ ಎಮ್ಮೆ ಹಾರಿ ಹೋಗ್ತದೆ." ಮೂರು ದಿನ ಅವಳೊಡನೆ ಮಾತು ಬಿಟ್ಟಿದ್ದೆ. ನಾಲ್ಕನೆಯ ದಿನ ಎಮ್ಮೆಯ ಕಾಲಡಿಗೆ ನೆರಳು ಹಾಕಿದೆ. ಎಮ್ಮೆ ನೆಲಕ್ಕೆ ಇಳಿಯಿತು.

ಕೆಂಚ ಅವಳ ನಾಯಿ. ಕಂದು ಮೈ, ಒಂದು ಕಿವಿ ಸದಾ ಮಡಿಚಿದ್ದು, ಬಚ್ಚಲ ಒಲೆಯ ಬೂದಿಯಲ್ಲಿ ಮಲಗಿ ಮಲಗಿ ಮೂಗಿನ ತುದಿ ಬೆಳ್ಳಗೆ. ಊರವರ ನಾಯಿಗಳನ್ನೆಲ್ಲ ಬರೆದಾಗಿತ್ತು, ಅವನದೇ ಬಾಕಿ. ಅನಾಹುತದ ಆ ಸಂಜೆ ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅವನನ್ನು ಕೂರಿಸಿದಳು. "ಇದಿದ್ರೆ ಕುತ್ತಿಗೆ ಕಾಣ್ದಿಲ್ಲ, ಸ್ವಲ್ಪ ಹಿಡ್ಕಳೇ" ಎಂದು ಮೊಳೆಪಟ್ಟಿ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಪಟ್ಟಿ ಇದ್ದಲ್ಲಿ ಕೂದಲು ಸವೆದು ಉಂಗುರದ ಹಾಗೆ ಗೆರೆ ಬಿದ್ದಿತ್ತು. ಅವಳು ಅಲ್ಲೇ ತುರಿಸಿದಳು. ಅವನು ಕುತ್ತಿಗೆ ಎತ್ತಿ ಕಣ್ಣು ಮುಚ್ಚಿದ.

ಆಮೇಲೆ ನಾನು ಗಡಿಯಾರ ನೋಡಿದೆ.

ಸದ್ದೇ ಆಗಲಿಲ್ಲ. ಲಂಟಾನದಿಂದ ಹಳದಿ ಏನೋ ಹೊರಟಿತು, ಕಲ್ಲು ಖಾಲಿಯಾಯಿತು. ನಾನು ಬಲಗೈಯಲ್ಲಿದ್ದ, ಪೆನ್ಸಿಲ್ ಗೆರೆ ಅಳಿಸುವ ರಬ್ಬರ್ ಎಸೆದೆ. ನಗಬೇಡಿ, ಅಥವಾ ನಕ್ಕುಬಿಡಿ. ಪದವಿ ಪಡೆದವಳು ನಾನು, ಚಿರತೆಗೆ ರಬ್ಬರ್ ಎಸೆದೆ. ಎಡಗೈಯಲ್ಲಿ ಮೊಳೆಪಟ್ಟಿ ಹಾಗೇ ಇತ್ತು. ಭಾರತಿ "ಕೆಂಚಾ" ಎಂದು ಪೊದೆಯತ್ತ ಓಡಿದಳು. ಅವಳ ವೇಲು ಹಿಡಿದು, ಆಮೇಲೆ ಸೊಂಟ ತಬ್ಬಿ, ನೆಲಕ್ಕೆ ಕೆಡವಿದೆ. ಪೊದೆಯೊಳಗೆ ಅದು ಇನ್ನೂ ನಿಂತಿತ್ತು. ಅದರ ಉಸಿರು ನಮಗೆ ಕೇಳುತ್ತಿತ್ತು. "ಬಿಡೇ, ಬಿಡೇ ನನ್ನ" ಎಂದು ಅವಳು ಕೈ ಪರಚಿದಳು. ನಾನು ಬಿಡಲಿಲ್ಲ.

"ನಾಯಿ ತಾನೇ ಹೋಗಿದ್ದು? ನೀವು ಉಳಿದ್ರಲ್ಲ, ಅದನ್ನ ನೋಡ್ಕಳಿ" ಎಂದರು ಪಕ್ಕದ ಮನೆಯ ಗಿರಿಜಕ್ಕ. ಮಾತು ಸರಿಯೇ. ಆದರೆ ಸರಿಯಾದ ಮಾತಿನಿಂದ ನಿದ್ದೆ ಬರುವುದಿಲ್ಲ. ಅಂದಿನಿಂದ ಸಾಗರದ ಮನೆಯಲ್ಲಿ ನಾನು, ಕಾರ್ಗಲ್ಲಿನಲ್ಲಿ ಅವಳು, ಯಾವುದೋ ಬೊಗಳು ಕೇಳಿದಂತಾಗಿ ಎದ್ದು ಕೂರುವುದೇ ಆಯಿತು. ಭಾರತಿ ಒಪ್ಪಿಕೊಂಡ ಚಿತ್ರಗಳನ್ನೆಲ್ಲ ಬೇಡವೆಂದಳು. "ಬ್ರಷ್ ಹಿಡಿದ್ರೆ ಪಟ್ಟಿ ಬಿಚ್ಚಿದ ಕೈನೇ ಕಾಣ್ತದೆ" ಎನ್ನುತ್ತಿದ್ದಳು. ಮೊನ್ನೆ ಫೋನ್ ಮಾಡಿದಳು. "ಕೆಂಚನ್ನ ಬರ್ದೀನಿ. ಬಂದು ನೋಡು. ಇದೂ ಆಗ್ಲಿಲ್ಲ ಅಂದ್ರೆ ಬಣ್ಣ ಎಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

ಅದಕ್ಕೇ ನಿನ್ನೆ ಹೋದದ್ದು. ಚಿತ್ರದಲ್ಲಿ ಮಡಿಚಿದ ಕಿವಿ ಇತ್ತು, ಮೂಗಿನ ಬೂದಿ ಇತ್ತು, ಕಣ್ಣು ನನ್ನನ್ನು ಗುರುತಿಸಿತು. ಕೊರಳಲ್ಲಿ ಮೊಳೆಪಟ್ಟಿ. ಒಂದೊಂದು ಮೊಳೆಗೂ ಹೊಳಪು ಕೊಟ್ಟಿದ್ದಳು. ಪಟ್ಟಿಯ ಕೆಳಗೆ ಮಾತ್ರ ನೆರಳಿಲ್ಲ, ಒತ್ತಿದ ಕೂದಲಿಲ್ಲ. ಬೆಳಿಗ್ಗೆ ಅಂಗಡಿಯಲ್ಲಿ ತೂಗುತ್ತಿದ್ದವಲ್ಲ, ಹಾಗೆ ಅದು ಯಾರ ಕೊರಳಿಗೂ ಸೇರದೆ ನಿಂತಿತ್ತು.

"ಚೆನ್ನಾಗಿದೆ" ಎಂದೆ.

"ಚಾ ಕುಡ್ಸು ಹಂಗಾದ್ರೆ" ಎಂದಳು. ನಗಲಿಲ್ಲ. "ನಿಜ ಹೇಳೇ. ಅವತ್ತು ಅಷ್ಟು ಪರಚಿದ್ರೂ ನನ್ನ ಬಿಡ್ಲಿಲ್ಲ. ಇವತ್ತು ಯಾಕೆ ಬಿಡ್ತೀಯ?"

"ಕಿವಿ ನೋಡಿದ್ರೆ ಈಗ್ಲೇ ಎದ್ದು ಬರ್ತಾನೆ ಅನ್ಸ್ತದೆ ಭಾರತಿ. ಪಟ್ಟಿ ಮಾತ್ರ ಕೊರಳ ಮೇಲೆ ಕೂತಿಲ್ಲ. ಆಮೇಲೆ ಹಾಕಿದ ಹಂಗಿದೆ."

"ಆಮೇಲೇ ಅಲ್ವೇನೇ ಹಾಕಿದ್ದು" ಎಂದಳು.

ನಾನು, "ಬಿಚ್ಚಿದಾಗ ಅಲ್ಲೊಂದು ಗೆರೆ ಇತ್ತು. ನೀನು ತುರಿಸ್ದೆ" ಎಂದೆ. ಹೇಳಿದ ಮೇಲೆ ಹೇಳಬಾರದಿತ್ತೇನೋ ಅನಿಸಿತು.

ಭಾರತಿ ಬಣ್ಣ ಕೆರೆಯುವ ಚಾಕು ತೆಗೆದುಕೊಂಡಳು. ಬಣ್ಣ ಇನ್ನೂ ಹಸಿಯಾಗಿದ್ದ ಮೊಳೆಗಳನ್ನು ಒಂದೊಂದಾಗಿ, ಕೊನೆಗೆ ಪಟ್ಟಿಯನ್ನೂ ಕೆರೆದು ಹಳೆಯ ಬಟ್ಟೆಗೆ ಒರೆಸಿದಳು. ಆಮೇಲೆ ಸಣ್ಣ ಬ್ರಷ್ಷಿನಿಂದ ಸವೆದ ಕೂದಲ ಉಂಗುರ ಬರೆದಳು. ಬರೆಯುವಾಗ ಅವಳ ಎಡಗೈ ಬೆರಳುಗಳು ತೊಡೆಯ ಮೇಲೆ ಮೆಲ್ಲಗೆ ತುರಿಸುತ್ತಿದ್ದವು. ಚಿತ್ರ ಸರಿಯಾಯಿತು. ಸರಿಯಾದಷ್ಟೂ ಅವನು ಇಲ್ಲವೆಂಬುದು ಹೆಚ್ಚು ಹೆಚ್ಚು ಕಂಡಿತು. ಆ ಬರಿಗೊರಳನ್ನು ನೋಡುತ್ತ ನಿಲ್ಲಲು ನನ್ನಿಂದಾಗಲಿಲ್ಲ. ಬೆಳಕಿರುವಾಗಲೇ ಬಸ್ಸಿಗೆ ಬಂದೆ.

ಇವತ್ತು ಬೆಳಿಗ್ಗೆ ಅವಳ ಫೋನ್ ಬಂತು.

"ರಾತ್ರಿ ಎಚ್ಚರಾನೇ ಆಗ್ಲಿಲ್ಲ ಕಣೇ. ಮಲಗಿಬಿಟ್ಟೆ" ಎಂದಳು, ತಪ್ಪು ಮಾಡಿದವಳ ದನಿಯಲ್ಲಿ.

"ನಾನೂ" ಎಂದೆ.

ಅವಳು ಅತ್ತಳು. ಕೆಂಚನಿಗಾಗಿ ನಮ್ಮಿಬ್ಬರಲ್ಲಿ ಒಬ್ಬರೂ ಎಚ್ಚರವಿರದ ಮೊದಲ ರಾತ್ರಿ ಅದು.