ಸೇಡಂನಲ್ಲಿ ಬಾಡಿಗೆಗೆ ತೆಗೆದುಕೊಂಡ ಸ್ಕೂಟರ್

ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಸಾಯುವವರಿಗೆ ದೂರದಲ್ಲಿದ್ದವರು ಕಾಣಿಸುತ್ತಾರೆ ಎಂದು ಯಾರಾದರೂ ಶುರುಮಾಡಿದರೆ ನಕ್ಕು ಅವರ ಬಾಯಿ ಮುಚ್ಚಿಸುತ್ತಿದ್ದೆ. ಶಹಾಬಾದಿನಲ್ಲಿ ನನ್ನದೊಂದು ಬ್ಯಾಟರಿ, ಇನ್ವರ್ಟರ್ ರಿಪೇರಿ ಅಂಗಡಿ ಇದೆ. ತಂತಿ ಕೂಡಿದರೆ ಕರೆಂಟು ಹರಿಯುತ್ತದೆ, ಕೂಡದಿದ್ದರೆ ಇಲ್ಲ. ಮೂವತ್ತು ವರ್ಷ ಅದೊಂದನ್ನೇ ನಂಬಿ ಹೊಟ್ಟೆ ಹೊರೆದವನು ನಾನು. ಈಗ ಬರೆಯುತ್ತಿರುವುದನ್ನು ಬೇರೆಯವರು ಬರೆದಿದ್ದರೆ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ನೀವೂ ಏಳಬಹುದು, ನನಗೇನೂ ಬೇಸರವಿಲ್ಲ.

ಈಗೀಗ ನಮ್ಮ ಕಡೆಯ ಊರುಗಳಲ್ಲೂ ಕರೆಂಟಿನ ಸ್ಕೂಟರ್ ಬಾಡಿಗೆಗೆ ಸಿಗುತ್ತಿವೆ. ಬಾಡಿಗೆಗೆ ತಗೊಳ್ಳುವ ಮೊದಲು ಏನು ನೋಡಬೇಕು ಎಂದು ಅಂಗಡಿಗೆ ಬಂದವರು ಕೇಳುತ್ತಾರೆ. ಬ್ಯಾಟರಿ ಎಷ್ಟು ವರ್ಷದ್ದು ಅದನ್ನು ಮೊದಲು ಕೇಳ್ರಿ, ಎನ್ನುತ್ತೇನೆ. ನೂರು ಪರ್ಸೆಂಟ್ ಅಂದರೆ ತುಂಬಿದೆ ಅಂತ ಅಷ್ಟೇ, ಎಷ್ಟು ಹಿಡಿಯುತ್ತದೆ ಅಂತಲ್ಲ. ಲೋಟವೂ ತುಂಬುತ್ತದೆ, ಕೊಡವೂ ತುಂಬುತ್ತದೆ. ಆಮೇಲೆ ನಮ್ಮ ಬಿಸಿಲು. ಕಂಪನಿಯವರು ಹೇಳುವ ದೂರ ನೆರಳಿನಲ್ಲಿ, ಸಪಾಟು ರಸ್ತೆಯಲ್ಲಿ, ಒಬ್ಬ ಸಣಕಲನನ್ನು ಕೂಡಿಸಿ ಅಳೆದದ್ದು. ಇದಷ್ಟೂ ಆ ದಿನಕ್ಕೆ ಮೊದಲೇ ನನಗೆ ಬಾಯಿಪಾಠವಿತ್ತು. ಬಾಯಿಪಾಠವಿದ್ದೂ ಒಂದು ಮಾತು ಕೇಳದೆ ಗಾಡಿ ಹತ್ತಿದೆ.

ಎರಡು ವರ್ಷದ ಹಿಂದಿನ ಮಾತು. ಬೇಸಿಗೆ. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಚಿಮ್ಮನಚೋಡದಿಂದ ಅಕ್ಕನ ಮಗ ಶರಣು ಫೋನ್ ಮಾಡಿದ. "ಮಾಮಾ, ಅವ್ವ ನಿನ್ನೆಯಿಂದ ಏನೂ ತಗೊಳ್ಳವಲ್ಲಳು. ಡಾಕ್ಟರು ಮನಿಗೇ ಕರ್ಕೊಂಡು ಹೋಗ್ರಿ ಅಂದಾರ. ನಿಮ್ಮನ್ನೇ ಕೇಳಲಿಕತ್ತಾಳ. ಬರ್ತೀರೇನು?" ಆ ಕೊನೆಯ ಪ್ರಶ್ನೆ ಅವನು ಕೇಳಬೇಕಾಯಿತಲ್ಲ, ಅದು ನನ್ನ ತಪ್ಪು.

ನನಗೆ ನಾಲ್ಕು ವರ್ಷವಿದ್ದಾಗ ಅವ್ವ ಹೋದಳು. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಮದುವೆಯಾಗಿ ಚಿಮ್ಮನಚೋಡಕ್ಕೆ ಹೋಗುವಾಗ ನನ್ನನ್ನೂ ಕರೆದುಕೊಂಡೇ ಹೋದಳು. ಅಲ್ಲೇ ಉಂಡೆ, ಅಲ್ಲೇ ಓದಿದೆ, ಅವಳ ಕೈಯಲ್ಲಿ ಏಟೂ ತಿಂದೆ. ಇಷ್ಟೆಲ್ಲ ಮಾಡಿದವಳನ್ನು ಒಂದು ಮಾತು ಕೇಳದೆ ನಾನು ನನ್ನ ಮಗಳ ಲಗ್ನ ಗೊತ್ತು ಮಾಡಿದೆ. ಲಗ್ನದ ದಿನ ಬೀಗರ ಎದುರಿಗೇ ಅಕ್ಕ ಕೇಳಿದಳು. "ನನ್ನನ್ನ ಕೇಳಬೇಕು ಅನ್ನಿಸಲಿಲ್ಲೇನು ನಿನಗ? ಎತ್ತಿ ಆಡಿಸಿದಾಕಿ ನಾ." ನನಗೆ ಅವಮಾನವಾಯಿತು. "ಎತ್ತಿದ್ದನ್ನ ಇನ್ನಾ ಎಷ್ಟು ವರ್ಷ ಹೇಳ್ಕೋತ ಇರ್ತಿ?" ಎಂದುಬಿಟ್ಟೆ. ಅಕ್ಕ ಸುಮ್ಮನಾದಳು. ಮೂರು ವರ್ಷ ಸುಮ್ಮನೇ ಇದ್ದಳು. ನಾನೂ ಹೋಗಲಿಲ್ಲ. ಆ ಒಂದು ಮಾತನ್ನು ವಾಪಸು ತಗೊಂಡುಬಿಡಬೇಕು, ಅಷ್ಟಾದರೆ ಸಾಕು ಎನ್ನುತ್ತ ಆ ಬೆಳಿಗ್ಗೆ ರೈಲು ಹತ್ತಿದೆ.

ವಾಡಿಯಲ್ಲಿ ಗಾಡಿ ಬದಲಿಸಿ, ಚಿತ್ತಾಪುರ ದಾಟಿ ಸೇಡಂನಲ್ಲಿ ಇಳಿದಾಗ ಹನ್ನೊಂದು ಗಂಟೆ. ಚಿಮ್ಮನಚೋಡದ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದು ಹನ್ನೆರಡೂವರೆಗೆ. ಕೂತು ಕಾಯಲು ಆಗಲಿಲ್ಲ. ಎದುರಿಗೇ ಸ್ಕೂಟರ್ ಬಾಡಿಗೆಯ ಅಂಗಡಿ ಕಂಡಿತು. ಅಂಗಡಿಯವನು ಬಿಳಿ ಸ್ಕೂಟರೊಂದನ್ನು ಮುಂದೆ ತಂದು ನಿಲ್ಲಿಸಿದ. ಸೀಟು ಹರಿದ ಕಡೆ ನೀಲಿ ಟೇಪ್ ಹಚ್ಚಿದ್ದರು. "ನೂರಕ್ಕ ನೂರು ತೋರಸ್ಲಿಕತ್ತದ ನೋಡ್ರಿ ಸಾಹೇಬ್ರ. ಆರಾಮ ಮುಟ್ಟತೀರಿ. ಚಾರ್ಜರ್ ಸೀಟಿನ ಕೆಳಗ ಅದ," ಎಂದ. ನನ್ನ ಆಧಾರ್ ಕಾರ್ಡ್ ತಗೊಂಡು ಡ್ರಾದಲ್ಲಿಟ್ಟ. ಝೆರಾಕ್ಸ್ ಅಲ್ಲ, ಅಸಲು ಕಾರ್ಡು. ಇದನ್ನು ಯಾರೂ ಮಾಡಬೇಡಿ. ಅಸಲು ಕಾರ್ಡು ಇನ್ನೊಬ್ಬರ ಕೈಯಲ್ಲಿ ಇಟ್ಟವನು ಆ ಗಾಡಿಯ ಕಾವಲುಗಾರ ಆಗಿಬಿಡುತ್ತಾನೆ.

ಚಿಂಚೋಳಿ ರಸ್ತೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮುಂದೆ ಹೋಗಿರಬೇಕು. ಮೀಟರಿನಲ್ಲಿ ನಲವತ್ತೆಂಟು ಪರ್ಸೆಂಟ್ ಇದ್ದದ್ದು ನೋಡುನೋಡುತ್ತ ಮೂವತ್ತು, ಹನ್ನೊಂದು, ಆಮೇಲೆ ಏನೂ ಇಲ್ಲ. ಗಾಡಿ ನಿಂತಿತು. ಹಳೆ ಬ್ಯಾಟರಿ. ಅಂಗಡಿಗೆ ಬಂದ ಗಿರಾಕಿಗಳಿಗೆ ನಾನು ದಿನಾ ಬಯ್ಯುವಂಥ ಬ್ಯಾಟರಿ. ತಳ್ಳಿಕೊಂಡು ಹೋದೆ. ರಸ್ತೆಗೆ ಹತ್ತಿದಂತೆ ಒಂದು ಸಣ್ಣ ಊರು. ಮೊದಲ ಮನೆಯಲ್ಲೇ ಒಬ್ಬ ಹೆಣ್ಣುಮಗಳು ಬಾಗಿಲ ಬಳಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದಳು. ನಾನು ಕೇಳುವ ಮೊದಲೇ ಒಳಗಿನಿಂದ ವೈರ್ ಎಳೆದು ಕೊಟ್ಟಳು. "ಹಚ್ರಿ ಅಣ್ಣಾರ. ನೆರಳಿಗೆ ಕುಂದ್ರಿ. ಕರೆಂಟು ಯಾವಾಗ ಹೋಗ್ತದ ಯಾವಾಗ ಬರ್ತದ ಹೇಳಲಿಕ್ಕ ಬರಂಗಿಲ್ಲ," ಎಂದಳು.

ಹಾಗೇ ಆಯಿತು. ಅರ್ಧ ತಾಸು ಇದ್ದು ಕರೆಂಟು ಹೋಯಿತು. ಬೇವಿನ ಗಿಡದ ಕೆಳಗೆ ಗಾಡಿಯ ಮೇಲೇ ಕೂತಿದ್ದೆ. ಫೋನಿನ ಚಾರ್ಜೂ ಮುಗಿದಿತ್ತು. ಒಂದೂಕಾಲಿನ ಸುಮಾರಿಗೆ ಬಸ್ಸಿನ ಹಾರ್ನ್ ಕೇಳಿಸಿತು. ಸೇಡಂನಲ್ಲಿ ನಾನು ಕಾಯದೆ ಬಿಟ್ಟು ಬಂದ ಬಸ್ಸು. ಆ ಹೆಣ್ಣುಮಗಳು ಯಂತ್ರ ನಿಲ್ಲಿಸಿ ಹೇಳಿದಳು. "ಚಿಮ್ಮನಚೋಡಕ್ಕೇ ಹೋಗ್ತದ ಅದು. ಕೈ ಮಾಡಿದ್ರ ನಿಲ್ಲಸ್ತಾರ. ನೀವು ಹೋಗ್ರಿ, ಗಾಡಿ ನಾ ನೋಡ್ಕೋತೀನಿ."

ನಾನು ಎದ್ದು ನಿಂತೆ, ನಿಜ. ಆಮೇಲೆ ಗಾಡಿ ನೋಡಿದೆ. ಅಪರಿಚಿತ ಮನೆ, ಇನ್ನೊಬ್ಬರ ಗಾಡಿ, ನನ್ನ ಕಾರ್ಡು ಡ್ರಾದಲ್ಲಿ. ಇನ್ನೇನು ಕರೆಂಟು ಬರುತ್ತದೆ, ಅರ್ಧ ತಾಸಿನಲ್ಲಿ ಹೊರಡಬಹುದು ಎಂದು ಲೆಕ್ಕ ಹಾಕಿದೆ. "ಬ್ಯಾಡ ಬಿಡವ್ವ," ಎಂದು ಮತ್ತೆ ಕೂತೆ. ಬಸ್ಸು ನನ್ನ ಕಣ್ಣೆದುರಿಗೇ ಹೋಯಿತು.

ಆಮೇಲಿನ ಒಂದು ತಾಸು ಏನು ಮಾಡಿದೆ ಎಂದು ನಾನು ಸಾವಿರ ಸಲ ನೆನಪಿಸಿಕೊಂಡಿದ್ದೇನೆ. ಅಕ್ಕನನ್ನು ನೆನೆಯುತ್ತ ಕೂತಿದ್ದೆ ಎಂದು ಬರೆಯಬಹುದಿತ್ತು. ಸುಳ್ಳಾಗುತ್ತದೆ. ಬಾಡಿಗೆ ಅಂಗಡಿಯವನನ್ನು ಬೈದೆ, ಕರೆಂಟಿನವರನ್ನು ಬೈದೆ, ಈ ಬ್ಯಾಟರಿಯಲ್ಲಿ ಯಾವ ಸೆಲ್ ಸತ್ತಿರಬಹುದು ಎಂದು ಯೋಚಿಸಿದೆ. ಕೈ ಸುಮ್ಮನಿರದೆ ಸೀಟಿನ ನೀಲಿ ಟೇಪನ್ನು ಉಗುರಿನಿಂದ ಸ್ವಲ್ಪ ಸ್ವಲ್ಪವೇ ಕಿತ್ತು ನೆಲಕ್ಕೆ ಹಾಕುತ್ತಿದ್ದೆ. ನಿದ್ದೆ ಮಾಡಲಿಲ್ಲ, ಮಂಪರೂ ಬರಲಿಲ್ಲ. ಯಂತ್ರ ತುಳಿಯುವ ಸದ್ದು ಉದ್ದಕ್ಕೂ ಕಿವಿಗೆ ಬೀಳುತ್ತಿತ್ತು.

ಕೊನೆಗೆ ಕರೆಂಟು ಬಂತು. ಸಾಕಾಗುವಷ್ಟು ಚಾರ್ಜ್ ಮಾಡಿಕೊಂಡು ಹೊರಟು ಚಿಮ್ಮನಚೋಡ ಮುಟ್ಟಿದಾಗ ನಾಲ್ಕು ದಾಟಿತ್ತು. ಅಂಗಳದಲ್ಲಿ ಜನ. ಒಳಗೆ ನೋಡಿದರೆ ಅಕ್ಕ ಗೋಡೆಗೆ ಒರಗಿ ಕೂತಿದ್ದಾಳೆ. ಹಣೆ ತುಂಬ ವಿಭೂತಿ. ಎದ್ದು ಕೂತಿದ್ದಾಳಲ್ಲ, ಹುಷಾರಾಗಿದ್ದಾಳೆ ಎಂದು ಒಂದು ಕ್ಷಣ ನನ್ನ ಜೀವ ಹಿಗ್ಗಿತು. ನಮ್ಮಲ್ಲಿ ಹೋದವರನ್ನು ಹಾಗೇ ಕೂಡಿಸುತ್ತಾರೆ ಎಂಬುದು ಗೊತ್ತಿಲ್ಲದವನೇನಲ್ಲ ನಾನು. ಆದರೂ ಹಿಗ್ಗಿತು. ಶರಣು ಬಂದು ತೋಳು ಹಿಡಿದ. ಮೂರು ಗಂಟೆಗೆ ಹೋದಳಂತೆ. ಆ ಬಸ್ಸು ಎರಡೂವರೆಗೆ ಊರು ಮುಟ್ಟಿತ್ತಂತೆ.

ಮಣ್ಣು ಮುಗಿಸಿ ಬಂದ ಮೇಲೆ ಶರಣುವಿನ ಹೆಂಡತಿ ಸುವರ್ಣಾ ನನ್ನ ಮುಂದೆ ಚಹಾ ಇಟ್ಟು ಕೂತಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು. "ಮಾಮಾರ, ಅತ್ತಿ ನಿಮ್ಮ ಜೋಡಿ ಮಾತಾಡಿದ್ರು," ಎಂದಳು. ಜ್ವರದ ಕನವರಿಕೆ ಇರಬೇಕು ಎಂದೆ. ಅವಳು ತಲೆ ಅಲ್ಲಾಡಿಸಿದಳು.

"ಒಂದೂವರಿ ಆಗಿತ್ರಿ. ಕಣ್ಣು ತೆಗೆದು ಬಾಗಿಲ ಕಡಿ ನೋಡಿ, ತಮ್ಮ ಬಂದಾನ, ಸಪ್ಪಳಿಲ್ಲದ ಗಾಡಿ ಮ್ಯಾಲ ಬಂದಾನ ಅಂದ್ರು. ಯಾರೂ ಇಲ್ರಿ ಅತ್ತಿ ಅಂದೆ. ಅಂವ ಬ್ಯಾವಿನ ಗಿಡದ ಬುಡಕ ಕುಂತಾನ ನೋಡು, ಕುಂತಲ್ಲೆ ಸೀಟಿನ ನೀಲಿ ಪಟ್ಟಿ ಕೀಳ್ಲಿಕತ್ತಾನ, ಸಣ್ಣಾಂವ ಇದ್ದಾಗಿಂದೂ ಅವನ ಕೈ ಸುಮ್ಮನಿರಂಗಿಲ್ಲ ಅಂತ ನಕ್ಕರು. ಭಾಳ ದಿನಕ್ಕ ನಕ್ಕಿದ್ರು ಮಾಮಾರ."

ನಾನು ಎದ್ದು ಬಾಗಿಲಿಗೆ ಹೋಗಿ ಹೊರಗೆ ನೋಡಿದೆ. ಅಕ್ಕನ ಮನೆಯ ಅಂಗಳದಲ್ಲಿ ಬೇವಿನ ಗಿಡವೇ ಇಲ್ಲ. ಸ್ಕೂಟರ್ ಬಾಡಿಗೆಗೆ ತಗೊಂಡದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ, ಬಸ್ಸಿಗೆ ಬರುತ್ತೇನೆ ಎಂದೇ ಬೆಳಿಗ್ಗೆ ಶರಣುಗೆ ಹೇಳಿದ್ದೆ. ನೋಡಿದವರು ಹೇಳಿರಬಹುದೇ ಎಂದರೆ, ಆ ಹೊಲಿಗೆಯವಳಿಗೆ ನಾನು ಯಾರ ಮನೆಗೆ ಹೊರಟವನು ಎಂಬುದೇ ಗೊತ್ತಿರಲಿಲ್ಲ. ಪಕ್ಕದ ಮನೆಯ ಮುದುಕಿಯನ್ನೂ ಕೇಳಿದೆ. ಅವಳೂ ಆಗ ಅಕ್ಕನ ಕಾಲ ಬಳಿ ಕೂತಿದ್ದವಳು. ಸುವರ್ಣಾ ಹೇಳಿದ್ದನ್ನೇ ಹೇಳಿದಳು, ನೀಲಿ ಪಟ್ಟಿಯನ್ನೂ ಸೇರಿಸಿ.

ಮರುದಿನ ಗಾಡಿ ವಾಪಸು ಕೊಡಲು ಹೋಗುವಾಗ ಆ ಊರಿನಲ್ಲಿ ನಿಂತು ಬೇವಿನ ಗಿಡದ ಕೆಳಗೆ ನೋಡಿದೆ. ನಾನು ಕಿತ್ತು ಹಾಕಿದ ಟೇಪಿನ ಚೂರುಗಳು ಅಲ್ಲೇ ಬಿದ್ದಿದ್ದವು. ಏನು ನೋಡಬೇಕೆಂದು ನಿಂತಿದ್ದೆನೋ ತಿಳಿಯದು.

ಇದಕ್ಕೆ ಏನಾದರೂ ಕಾರಣ ಇರಬೇಕು ಎಂದು ಈಗಲೂ ಹುಡುಕುತ್ತೇನೆ. ಸಿಕ್ಕಿಲ್ಲ. ಅದು ಸಿಗದಿದ್ದರೂ ನಡೆದೀತು. ಆ ದಿನ ಸುವರ್ಣಾ ಚಹಾದ ಲೋಟ ಎತ್ತಿಕೊಳ್ಳುತ್ತ ಇನ್ನೊಂದು ಮಾತು ಹೇಳಿದಳು. "ನಕ್ಕ ಮ್ಯಾಲ ಬಾಗಿಲ ಕಡೀನ ನೋಡ್ಕೋತ ಇದ್ರು. ನೀವು ಏನೋ ಹೇಳ್ಲಿಕತ್ತೀರಿ ಅನ್ನೂಹಂಗ ಕೇಳ್ಕೋತ ಹೂಂ, ಹೂಂ ಅಂದ್ರು. ಕಡಿಗೆ, ಆತು ಬಿಡಪ್ಪ, ಹೋಗ್ಲಿ ಬಿಡು ಅಂದ್ರು. ಕಣ್ಣಾಗ ನೀರು ಬಂದಿತ್ತು, ಆದ್ರ ಮುಖ ಹಗುರಾಗಿತ್ತು."

"ನಾ ಏನಂದೆ ಅಂತ ಹೇಳಿದಳೇನವ್ವ?" ಎಂದು ಕೇಳಿದೆ.

"ಅದನ್ನ ಹೇಳಲಿಲ್ರಿ," ಎಂದಳು.

ಮೂರು ವರ್ಷ ಬಾಯಿಗೆ ಬಾರದ್ದನ್ನು ಅವತ್ತು ಯಾವ ಮಾತಿನಲ್ಲಿ ಹೇಳಿದೆನೋ, ಕೇಳಿದವಳು ಕೇಳಿಕೊಂಡು ಹೋದಳು. ನಾನು ಅಕ್ಕನಿಗೆ ಏನು ಹೇಳಿದೆ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ.